ಒಂದು ಕೇರಿ, ಹಲವು ಹೆಸರು: ಸಿಯೋಲ್ ನಗರದ ಮ್ಯೊಂಗ್‌ದೊಂಗಿನ ಆಡಳಿತ ಚರಿತ್ರೆ

ಅರಸರ ಚರಿತ್ರೆಯನ್ನೂ ಯುದ್ಧಗಳ ಚರಿತ್ರೆಯನ್ನೂ ನಾವು ಶಾಲೆಗಳಲ್ಲಿ ಓದುತ್ತೇವೆ, ಓದಿಸುತ್ತೇವೆ. ಒಂದು ಕೇರಿಗೂ ಚರಿತ್ರೆಯುಂಟೆಂಬುದನ್ನು ಮಾತ್ರ ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಆ ಕೇರಿಯು ಯಾವ ಕಾಲದಲ್ಲಿ ಯಾವ ಕಚೇರಿಗೆ ಒಳಪಟ್ಟಿತ್ತು, ಅಲ್ಲಿಯ ಮನೆಗಳನ್ನು ಯಾರು ಎಣಿಸಿದರು, ಕಂದಾಯದ ದಫ್ತರದಲ್ಲಿ ಅದರ ಹೆಸರನ್ನು ಯಾವ ಭಾಷೆಯಲ್ಲಿ ಬರೆದರು ಎಂಬಿವು ಮೇಲುನೋಟಕ್ಕೆ ಗುಮಾಸ್ತರಿಗೆ ಸಂಬಂಧಿಸಿದ ವಿಷಯಗಳಂತೆ ತೋರುತ್ತವೆ. ಆದರೆ ಇವನ್ನು ಕಾಲಾನುಕ್ರಮವಾಗಿ ಜೋಡಿಸಿ ನೋಡಿದಲ್ಲಿ, ಒಂದು ನಾಡಿನ ಜನರ ಏಳುಬೀಳುಗಳೆಲ್ಲವೂ ಅವುಗಳಲ್ಲಿ ಅಚ್ಚೊತ್ತಿರುವುದು ಕಂಡುಬರುತ್ತದೆ. ಇದಕ್ಕೆ ನಿದರ್ಶನವಾಗಿ ದಕ್ಷಿಣ ಕೊರಿಯಾದ ರಾಜಧಾನಿಯಾದ ಸಿಯೋಲಿನ ಒಂದು ಕೇರಿಯನ್ನು ಆರಿಸಿಕೊಂಡು, ಅದರ ಆಡಳಿತ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ಕೊರಿಯಾ ದೇಶದ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. 1953ರಲ್ಲಿ ಅಲ್ಲಿಯ ಯುದ್ಧವು ನಿಂತಾಗ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರವನ್ನು ನೋಡಿಕೊಳ್ಳಲೆಂದು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತಷ್ಟೆ. ಅದರ ಅಧ್ಯಕ್ಷತೆಯನ್ನು ವಹಿಸಿ ಆ ಕಠಿನ ಕಾರ್ಯವನ್ನು ನಡೆಸಿಕೊಟ್ಟವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅವರು ಕಾರ್ಯ ನಡೆಸಿದ ಗಡಿಪ್ರದೇಶದಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಸಿಯೋಲ್ ನಗರವಿದೆ. ಆ ನಗರದ ನಡುವೆ, ನಾಮ್‌ಸಾನ್ ಎಂಬ ಬೆಟ್ಟದ ಉತ್ತರದ ತಪ್ಪಲಿನಲ್ಲಿ ಇರುವ ಕೇರಿಯೇ ಮ್ಯೊಂಗ್‌ದೊಂಗ್. ಇಂದು ಅದು ಅಂಗಡಿಬೀದಿಗಳಿಗೂ ಜನಸಂದಣಿಗೂ ಹೆಸರಾದ ಸ್ಥಳ. ಆದರೆ ನಮಗೆ ಬೇಕಾದುದು ಅಲ್ಲಿಯ ಅಂಗಡಿಗಳಲ್ಲ, ಆ ಕೇರಿಯ ಹೆಸರು ಮತ್ತು ಆ ಹೆಸರನ್ನು ಬರೆದವರ ಕೈಗಳು.

ಐದು ಭಾಗಗಳು, ಐವತ್ತೆರಡು ಕೇರಿಗಳು

1392ರಲ್ಲಿ ಜೋಸೊನ್ ರಾಜವಂಶವು ಸ್ಥಾಪಿತವಾಯಿತು. ಎರಡು ವರ್ಷಗಳ ಅನಂತರ, 1394ರಲ್ಲಿ, ಹೊಸ ಅರಸನು ಹಾನ್ ನದಿಯ ಉತ್ತರಕ್ಕಿರುವ ಹಾನ್ಯಾಂಗ್ ಎಂಬಲ್ಲಿಗೆ ತನ್ನ ರಾಜಧಾನಿಯನ್ನು ಸಾಗಿಸಿದನು. ಸುತ್ತಲೂ ಬೆಟ್ಟಗಳು, ಬೆಟ್ಟಗಳ ಮೇಲೆ ಕೋಟೆಯ ಗೋಡೆ, ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಚೊಂಗ್‌ಗ್ಯೆಚೊನ್ ಎಂಬ ಹಳ್ಳ—ಇದು ಆ ನಗರದ ಸ್ವರೂಪ. 1396ರಲ್ಲಿ ನಗರವನ್ನು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಮಧ್ಯ ಎಂದು ಐದು ‘ಬು’ಗಳಾಗಿ, ಎಂದರೆ ಭಾಗಗಳಾಗಿ, ವಿಂಗಡಿಸಲಾಯಿತು. ಒಂದೊಂದು ಭಾಗದ ಒಳಗೂ ‘ಬಾಂಗ್’ಗಳೆಂಬ ಕೇರಿಗಳಿದ್ದುವು. ಪೂರ್ವಭಾಗದಲ್ಲಿ 12, ದಕ್ಷಿಣದಲ್ಲಿ 11, ಪಶ್ಚಿಮದಲ್ಲಿ 11, ಉತ್ತರದಲ್ಲಿ 10, ಮಧ್ಯದಲ್ಲಿ 8, ಹೀಗೆ ಒಟ್ಟು 52 ಕೇರಿಗಳು. ಇವುಗಳ ಮೇಲಣ ಕಚೇರಿಗೆ ಹಾನ್‌ಸೊಂಗ್-ಬು ಎಂದು ಹೆಸರು. ನಗರದ ಆಡಳಿತವಷ್ಟೇ ಅಲ್ಲದೆ, ಮೂರು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಮನೆವಾರು ಲೆಕ್ಕದ ಪಟ್ಟಿಗಳ ಹೊಣೆಯೂ ಆ ಕಚೇರಿಯದೇ ಆಗಿತ್ತು.

ದಕ್ಷಿಣಭಾಗದ 11 ಕೇರಿಗಳಲ್ಲಿ ಒಂದರ ಹೆಸರು ಮ್ಯೊಂಗ್ನ್ಯೆ-ಬಾಂಗ್. ಇದು ಎರಡು ಚೀನೀ ಲಿಪಿಸಂಕೇತಗಳಿಂದಾದ ಹೆಸರು. ‘ಮ್ಯೊಂಗ್’ ಎಂದರೆ ಬೆಳಕು. ಎರಡನೆಯದಾದ ‘ನ್ಯೆ’ ಎಂದರೆ ಆಚಾರ, ಸದಾಚಾರ. ಸದಾಚಾರವು ಬೆಳಗುವ ಕೇರಿ ಎಂಬುದು ಒಟ್ಟು ಅರ್ಥ. ಕನ್‌ಫ್ಯೂಷಿಯಸನ ಉಪದೇಶವನ್ನು ರಾಜ್ಯದ ತಳಹದಿಯಾಗಿ ಸ್ವೀಕರಿಸಿದ್ದ ಹೊಸ ರಾಜವಂಶವು ತನ್ನ ರಾಜಧಾನಿಯ ಕೇರಿಗಳಿಗೂ ನೀತಿಯನ್ನು ಸಾರುವ ಹೆಸರುಗಳನ್ನೇ ಇಟ್ಟಿತೆಂಬುದು ಗಮನಾರ್ಹವಾದುದು. ‘ಮ್ಯೊಂಗ್’ ಎಂಬುದನ್ನು ಬರೆಯುವ ಲಿಪಿಸಂಕೇತವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಸೂರ್ಯನ ಸಂಕೇತವನ್ನೂ ಚಂದ್ರನ ಸಂಕೇತವನ್ನೂ ಅಕ್ಕಪಕ್ಕದಲ್ಲಿಟ್ಟು ಅದನ್ನು ರಚಿಸಲಾಗಿದೆ. ಮುಂದೆ ನಡೆಯುವ ಕಥೆಯೆಲ್ಲವೂ ಈ ಒಂದು ಸಂಕೇತದ ಸುತ್ತಲೇ ತಿರುಗುತ್ತದೆ.

ಆ ಕಾಲದಲ್ಲಿ ಹಳ್ಳದ ಉತ್ತರಕ್ಕೆ, ಅರಮನೆಗಳ ನಡುವೆ, ದೊಡ್ಡ ಅಧಿಕಾರಿಗಳ ಮನೆಗಳಿದ್ದುವು. ದಕ್ಷಿಣಕ್ಕೆ, ನಾಮ್‌ಸಾನ್ ಬೆಟ್ಟದ ಬುಡದಲ್ಲಿ, ಪದವಿಯಿಲ್ಲದ ಬಡ ವಿದ್ವಾಂಸರೂ ಕೆಳದರ್ಜೆಯ ನೌಕರರೂ ವಾಸಿಸುತ್ತಿದ್ದರು. ಹೊಟ್ಟೆಗಿಲ್ಲದಿದ್ದರೂ ಓದನ್ನು ಬಿಡದ ‘ನಾಮ್‌ಸಾನ್ ಬುಡದ ಪಂಡಿತ’ನ ಮಾತು ಕೊರಿಯಾದವರಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಯ ಮಣ್ಣು ಜಿಗುಟಾದ ಎರೆಮಣ್ಣು. ಮಳೆ ಬಂದರೆ ನಡೆಯಲಾಗದಷ್ಟು ಕೆಸರಾಗುತ್ತಿದ್ದ ಒಂದು ದಿಣ್ಣೆದಾರಿಗೆ ಜನರು ‘ಜಿನ್‌ಗೊಗೆ’, ಎಂದರೆ ಕೆಸರುದಿಣ್ಣೆ, ಎಂದು ಹೆಸರಿಟ್ಟಿದ್ದರು. ಹೀಗೆ ಕಚೇರಿಯ ಪಟ್ಟಿಯಲ್ಲಿ ಸದಾಚಾರದ ಕೇರಿ, ಜನರ ಬಾಯಲ್ಲಿ ಕೆಸರಿನ ದಿಣ್ಣೆ. ಎರಡು ಹೆಸರುಗಳೂ ನಿಜವೇ ಆಗಿದ್ದುವು.

ಐದು ಮನೆಗಳ ಲೆಕ್ಕ

ಕೇರಿಗಿಂತಲೂ ಚಿಕ್ಕದಾದ ಘಟಕವೊಂದು ಆ ಆಡಳಿತದಲ್ಲಿತ್ತು. ಐದು ಮನೆಗಳನ್ನು ಸೇರಿಸಿ ಒಂದು ‘ತೊಂಗ್’ ಎಂದು ಮಾಡಿ, ಒಂದು ಮನೆಯವರ ನಡತೆಗೆ ಉಳಿದ ಮನೆಯವರನ್ನೂ ಹೊಣೆ ಮಾಡುವ ಪದ್ಧತಿಯದು. 1675ರಲ್ಲಿ ಅದಕ್ಕೆ ವಿವರವಾದ ನಿಯಮಗಳು ರಚಿತವಾದುವು. ಜನಸಂಖ್ಯೆಯ ಲೆಕ್ಕಕ್ಕೂ ತೆರಿಗೆಗೂ ಅನುಕೂಲವೆಂದು ತೋರಿದ ಈ ಏರ್ಪಾಡು ಎಂತಹ ಕೆಲಸಕ್ಕೆ ಬಂದಿತೆಂಬುದು ನಮ್ಮ ಕೇರಿಯ ಚರಿತ್ರೆಯಿಂದಲೇ ತಿಳಿಯುತ್ತದೆ.

1784ರ ಸುಮಾರಿಗೆ ಮ್ಯೊಂಗ್ನ್ಯೆ-ಬಾಂಗಿನಲ್ಲಿದ್ದ ಕಿಮ್ ಬೊಮ್-ಉ ಎಂಬ ದುಭಾಷಿಯ ಮನೆಯಲ್ಲಿ ಕೆಲವರು ಕ್ರೈಸ್ತಧರ್ಮದ ಪ್ರಾರ್ಥನೆಗಾಗಿ ಗುಪ್ತವಾಗಿ ಕೂಡತೊಡಗಿದರು. 1785ರಲ್ಲಿ ದಂಡನಾಧಿಕಾರದ ಇಲಾಖೆಯವರು ಈ ಕೂಟವನ್ನು ಪತ್ತೆಹಚ್ಚಿದರು. ಕೂಡಿದವರಲ್ಲಿ ಉಚ್ಚಕುಲದವರನ್ನು ಎಚ್ಚರಿಸಿ ಬಿಟ್ಟುಬಿಟ್ಟು, ಮಧ್ಯಮವರ್ಗದವನಾದ ದುಭಾಷಿಯೊಬ್ಬನನ್ನೇ ಹಿಂಸೆಗೆ ಗುರಿಮಾಡಿ ಗಡೀಪಾರು ಮಾಡಿದರು. ಆ ಗಾಯಗಳಿಂದಲೇ ಆತನು ದೂರದೇಶದಲ್ಲಿ ಮೃತನಾದನು. 1801ರಲ್ಲಿ ಕ್ರೈಸ್ತರ ಮೇಲೆ ದೊಡ್ಡ ಪ್ರಮಾಣದ ದಮನವು ನಡೆದಾಗ, ಮೇಲೆ ಹೇಳಿದ ಐದು ಮನೆಗಳ ಪದ್ಧತಿಯನ್ನೇ ನೆರೆಹೊರೆಯವರಿಂದ ನೆರೆಹೊರೆಯವರನ್ನು ಹಿಡಿಸಿಕೊಡುವುದಕ್ಕೆ ಬಳಸಲಾಯಿತು. ಆಡಳಿತದ ಲೆಕ್ಕಪಟ್ಟಿಯು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದನ್ನು ಹಿಡಿದ ಕೈಯನ್ನು ನೋಡಬೇಕು.

ಕೇರಿಯ ಮೇಲಣ ಗುಡ್ಡಕ್ಕೆ ಜೊಂಗ್‌ಹ್ಯೊನ್, ಎಂದರೆ ಗಂಟೆಯ ದಿಣ್ಣೆ, ಎಂಬ ಹೆಸರಿತ್ತು. ಧಾರ್ಮಿಕ ನಿರ್ಬಂಧಗಳು ಸಡಿಲವಾದ ಮೇಲೆ, ಫ್ರೆಂಚ್ ಪಾದ್ರಿಗಳು ಈ ಗುಡ್ಡದ ಮೇಲೆ ಇಗರ್ಜಿಗಾಗಿ ನೆಲವನ್ನು ಕೊಂಡರು. ರಾಜಮನೆತನದ ಪೂರ್ವಜರ ಚಿತ್ರಗಳನ್ನಿರಿಸಿದ್ದ ಪೂಜಾಮಂದಿರವು ಸಮೀಪದಲ್ಲಿದ್ದುದರಿಂದ, ಅದಕ್ಕಿಂತ ಎತ್ತರದಲ್ಲಿ ಪರದೇಶೀಯರ ಕಟ್ಟಡವೇಳುವುದು ಅರಸನಿಗೆ ಸಮ್ಮತವಾಗಲಿಲ್ಲ. ಈ ವಿವಾದವು ತೀರಿ 1892ರಲ್ಲಿ ಕಟ್ಟಡದ ಕೆಲಸವು ಮೊದಲಾಯಿತು. ನಡುವೆ ಚೀನಾ-ಜಪಾನುಗಳ ಯುದ್ಧದಿಂದ ಕೆಲಸವು ನಿಂತಿತಾದರೂ, 1898ರ ಮೇ 29ರಂದು ಕೆಂಪು ಮತ್ತು ಬೂದುಬಣ್ಣದ ಇಟ್ಟಿಗೆಗಳ ಆ ಇಗರ್ಜಿಯು ಪ್ರತಿಷ್ಠಿತವಾಯಿತು. ದುಭಾಷಿಯ ಮನೆಯಿದ್ದ ಕೇರಿಯಲ್ಲಿಯೇ, ನೂರ ಹದಿಮೂರು ವರ್ಷಗಳ ಬಳಿಕ, ಬಹಿರಂಗವಾಗಿ ಗಂಟೆಯು ಮೊಳಗಿತು.

ಪರಕೀಯರ ಆಗಮನ

ಅಷ್ಟರಲ್ಲಿ ಕೇರಿಯ ಸುತ್ತಮುತ್ತ ಬೇರೆ ಜನರೂ ಬಂದು ನೆಲಸಿದ್ದರು. 1882ರಲ್ಲಿ ರಾಜಧಾನಿಯ ಸೈನಿಕರು ದಂಗೆಯೆದ್ದಾಗ ಚೀನದ ಸೈನ್ಯವು ಸಿಯೋಲಿಗೆ ಬಂದಿತು. ಅದರ ಬೆನ್ನಿಗೆ ಚೀನೀ ವರ್ತಕರೂ ಬಂದರು. ಇಂದಿಗೂ ಚೀನದ ರಾಯಭಾರ ಕಚೇರಿಯು ಮ್ಯೊಂಗ್‌ದೊಂಗಿನಲ್ಲಿಯೇ ಇದೆ. 1885ರಿಂದ ಜಪಾನೀಯರಿಗೂ ಕೋಟೆಯೊಳಗೆ ವಾಸಿಸಲು ಅವಕಾಶವು ದೊರೆತಾಗ, ಅವರ ಪಾಲಿಗೆ ಬಂದುದು ನಾಮ್‌ಸಾನಿನ ಬುಡದ ಆ ಕೆಸರುದಿಣ್ಣೆಯ ನೆಲವೇ. ಯಾರಿಗೂ ಬೇಡವಾದ ಆ ಸ್ಥಳದಲ್ಲಿ ಅವರು ಅಂಗಡಿಗಳನ್ನು ಕಟ್ಟಿದರು, ದಾರಿಯನ್ನು ತಗ್ಗಿಸಿ ಸಮಮಾಡಿದರು, ತಮ್ಮ ನಿವಾಸಿಗಳ ಸಂಘವನ್ನು ರಚಿಸಿಕೊಂಡು ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳತೊಡಗಿದರು. ಕೆಸರುದಿಣ್ಣೆಯ ಬೀದಿಗೆ ಅವರಿಟ್ಟ ಹೆಸರು ಹೊನ್ಮಾಚಿ. ‘ಮುಖ್ಯ ಪೇಟೆ’ ಎಂದು ಅದರ ಅರ್ಥ.

ಕೊರಿಯಾದ ಸರಕಾರವೂ 1894ರ ಸುಧಾರಣೆಗಳಲ್ಲಿ ಹಳೆಯ ಐದು ‘ಬು’ಗಳನ್ನು ‘ಸೊ’ ಎಂಬ ಹೊಸ ವಿಭಾಗಗಳಾಗಿ ಮಾರ್ಪಡಿಸಿತು. ಆದರೆ ಸುಧಾರಣೆಗೆ ಬೇಕಾದ ಸಮಯವು ಆ ರಾಜ್ಯಕ್ಕೆ ಉಳಿದಿರಲಿಲ್ಲ. 1905ರಲ್ಲಿ ಜಪಾನು ಕೊರಿಯಾವನ್ನು ತನ್ನ ರಕ್ಷಿತರಾಜ್ಯವನ್ನಾಗಿ ಮಾಡಿಕೊಂಡಿತು. 1909ರ ಡಿಸೆಂಬರ್ 22ರಂದು ಇದೇ ಇಗರ್ಜಿಯ ಬಳಿಯಲ್ಲಿ ಯಿ ಜೆ-ಮ್ಯೊಂಗ್ ಎಂಬ ತರುಣನು, ಜಪಾನಿಗೆ ನಾಡನ್ನೊಪ್ಪಿಸುತ್ತಿರುವನೆಂದು ಜನರ ದ್ವೇಷಕ್ಕೆ ಪಾತ್ರನಾಗಿದ್ದ ಮಂತ್ರಿ ಯಿ ವಾನ್-ಯೊಂಗನನ್ನು ಚೂರಿಯಿಂದಿರಿದನು. ಮಂತ್ರಿಯು ಬದುಕಿಕೊಂಡನು, ನಾಡು ಉಳಿಯಲಿಲ್ಲ. 1910ರ ಆಗಸ್ಟಿನಲ್ಲಿ ಕೊರಿಯಾವು ಜಪಾನಿನ ಸಾಮ್ರಾಜ್ಯದಲ್ಲಿ ಲೀನವಾಯಿತು.

ಮೇಜಿ-ಚೋ

ಹೊಸ ಆಡಳಿತವು ಕೈಗೊಂಡ ಮೊದಮೊದಲ ಕ್ರಮಗಳಲ್ಲಿ ರಾಜಧಾನಿಯ ಹೆಸರನ್ನೂ ದರ್ಜೆಯನ್ನೂ ಇಳಿಸುವುದೊಂದಾಗಿತ್ತು. 1910ರ ಅಕ್ಟೋಬರಿನಲ್ಲಿ ಹಾನ್‌ಸೊಂಗ್ ಎಂಬ ಹೆಸರು ಹೋಗಿ ಕೇಜೋ ಎಂಬುದು ಬಂದಿತು. ಐನೂರು ವರ್ಷಗಳ ರಾಜಧಾನಿಯು ಗ್ಯೊಂಗ್ಗಿ ಪ್ರಾಂತಕ್ಕೆ ಒಳಪಟ್ಟ ಒಂದು ನಗರ ಮಾತ್ರವಾಯಿತು. 1910ರಿಂದ 1918ರವರೆಗೆ ದೇಶದಾದ್ಯಂತ ಭೂಮಾಪನವು ನಡೆದು, ಪ್ರತಿಯೊಂದು ನೆಲದ ತುಂಡಿಗೂ ಒಂದು ಸಂಖ್ಯೆಯನ್ನು ಕೊಡಲಾಯಿತು. 1914ರ ಏಪ್ರಿಲ್ 1ರಂದು ಇನ್ನೊಂದು ದೊಡ್ಡ ಬದಲಾವಣೆಯಾಯಿತು. ಕೋಟೆಯ ಹೊರಗಣ ಬಹುಭಾಗವನ್ನು ಬೇರೆ ಮಾಡಿ ನಗರವನ್ನು ಸುಮಾರು 36 ಚದರ ಕಿಲೋಮೀಟರಿಗೆ ಕುಗ್ಗಿಸಲಾಯಿತು. ಹಳೆಯ ಬಾಂಗ್‌ಗಳು ರದ್ದಾದುವು. ಚೊಂಗ್‌ಗ್ಯೆಚೊನ್ ಹಳ್ಳದ ಉತ್ತರಕ್ಕೆ ಕೊರಿಯನರು ಹೆಚ್ಚಾಗಿದ್ದ ಕಡೆ ‘ದೊಂಗ್’ ಎಂದೂ, ದಕ್ಷಿಣಕ್ಕೆ ಜಪಾನೀಯರು ಹೆಚ್ಚಾಗಿದ್ದ ಕಡೆ ‘ಚೋ’ ಎಂದೂ ಕೇರಿಗಳಿಗೆ ಹೆಸರುಗಳಾದುವು. ಒಂದೇ ನಗರ, ಒಂದೇ ಕಚೇರಿ. ಆದರೆ ಕೇರಿಯ ಹೆಸರಿನ ಕೊನೆಯ ಅಕ್ಷರವನ್ನು ನೋಡಿದೊಡನೆ ಅದು ಯಾರ ಕೇರಿಯೆಂದು ತಿಳಿಯುವಂತಾಯಿತು.

ನಮ್ಮ ಮ್ಯೊಂಗ್ನ್ಯೆ-ಬಾಂಗಿಗೆ ಕೊಟ್ಟ ಹೆಸರು ಮೇಜಿ-ಚೋ. ಜಪಾನಿನ ಚಕ್ರವರ್ತಿ ಮೇಜಿಯು 1867ರಿಂದ 1912ರವರೆಗೆ ಆಳಿದವನು. ಕೊರಿಯಾವು ಜಪಾನಿನ ವಶವಾದುದು ಅವನ ಆಳಿಕೆಯಲ್ಲಿಯೇ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಮೇಜಿ’ ಎಂಬ ಹೆಸರಿನ ಮೊದಲನೆಯ ಲಿಪಿಸಂಕೇತವೂ ಮ್ಯೊಂಗ್ನ್ಯೆ-ಬಾಂಗಿನ ಮೊದಲನೆಯ ಲಿಪಿಸಂಕೇತವೂ ಒಂದೇ. ಸೂರ್ಯಚಂದ್ರರು ಕೂಡಿದ ಅದೇ ಬೆಳಕಿನ ಸಂಕೇತವನ್ನು ಕೊರಿಯನರು ‘ಮ್ಯೊಂಗ್’ ಎಂದು ಓದಿದರೆ, ಜಪಾನೀಯರು ಇಲ್ಲಿ ‘ಮೇ’ ಎಂದು ಓದುತ್ತಾರೆ. ಹಳೆಯ ಹೆಸರಿನ ಅರ್ಧವನ್ನು ಉಳಿಸಿದಂತೆಯೇ ತೋರಿಸಿ, ಇಡಿಯ ಕೇರಿಯನ್ನು ಪರದೇಶದ ಚಕ್ರವರ್ತಿಯ ಹೆಸರಿಗೆ ಬರೆದಂತಾಯಿತು. ‘ಸದಾಚಾರ’ದ ಸ್ಥಾನದಲ್ಲಿ ‘ಆಳಿಕೆ’ ಎಂಬರ್ಥದ ಸಂಕೇತವು ಬಂದು ಕುಳಿತಿತು. ಆಡಳಿತಗಾರರು ಇದಕ್ಕಿಂತ ಸ್ಪಷ್ಟವಾಗಿ ತಮ್ಮ ಮನಸ್ಸನ್ನು ಹೇಳಿಕೊಳ್ಳುವುದು ಅಪೂರ್ವ.

ಮೇಜಿ-ಚೋ ಬೆಳೆಯಿತು. ಅದರ ಪಕ್ಕದಲ್ಲಿ 1912ರಲ್ಲಿ ಕಟ್ಟಿದ ದೊಡ್ಡ ಬ್ಯಾಂಕು, 1930ರಲ್ಲಿ ತೆರೆದ ಬೃಹತ್ ಮಳಿಗೆ, 1936ರಲ್ಲಿ ಕೇರಿಯೊಳಗೇ ಎದ್ದ ಮೇಜಿ-ಜಾ ಎಂಬ ಚಿತ್ರಮಂದಿರ—ಇವುಗಳಿಂದ ಅದು ನಗರದಲ್ಲಿಯೇ ಅತ್ಯಂತ ಬೆಲೆಬಾಳುವ ಪ್ರದೇಶವಾಯಿತು. ಆದರೆ ಆ ಬೆಳಕು ಹಳ್ಳದ ಉತ್ತರಕ್ಕೆ ಅಷ್ಟಾಗಿ ಹಬ್ಬಲಿಲ್ಲ. 1936ರಲ್ಲಿ ನಗರದ ಎಲ್ಲೆಯನ್ನು ಸುಮಾರು 134 ಚದರ ಕಿಲೋಮೀಟರಿಗೆ ವಿಸ್ತರಿಸಿದಾಗ, ಉಳಿದಿದ್ದ ‘ದೊಂಗ್’ಗಳನ್ನೂ ತೆಗೆದು ಎಲ್ಲವನ್ನೂ ‘ಚೋ’ ಎಂದೇ ಮಾಡಲಾಯಿತು. ಕೇರಿಗಳ ಹೆಸರಿಗೆ ಬಂದುದು ಅಲ್ಲಿಗೇ ನಿಲ್ಲಲಿಲ್ಲ. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆಯು ಐಚ್ಛಿಕ ವಿಷಯವಾಯಿತು. ಬಳಿಕ ಪಾಠಪಟ್ಟಿಯಿಂದಲೇ ಮರೆಯಾಯಿತು. 1940ರಲ್ಲಿ ಜನರು ತಮ್ಮ ಮನೆತನದ ಹೆಸರುಗಳನ್ನೂ ಜಪಾನೀ ರೀತಿಗೆ ಮಾರ್ಪಡಿಸಿಕೊಳ್ಳಬೇಕೆಂಬ ಒತ್ತಾಯವು ಬಂದಿತು. ಅದೇ ವರ್ಷ ಕೊರಿಯನ್ ಭಾಷೆಯ ಎರಡು ಮುಖ್ಯ ದಿನಪತ್ರಿಕೆಗಳು ಮುಚ್ಚಿಸಲ್ಪಟ್ಟುವು. 1942ರಲ್ಲಿ ಕೊರಿಯನ್ ನಿಘಂಟನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರು ಸೆರೆಯಾದರು. ಕೇರಿ, ಶಾಲೆ, ಮನೆ—ಹೀಗೆ ಹೆಸರಿನ ಆಕ್ರಮಣವು ಹೊರಗಿನಿಂದ ಒಳಕ್ಕೆ ಹೆಜ್ಜೆಹೆಜ್ಜೆಯಾಗಿ ನಡೆದು ಬಂದಿತೆಂಬುದನ್ನು ಅಧ್ಯಾಪಕರು ಮನಗಾಣಬೇಕು.

1943ರ ಜೂನ್‌ನಲ್ಲಿ ನಗರವನ್ನು ಏಳು ‘ಗು’ಗಳೆಂಬ ದೊಡ್ಡ ವಿಭಾಗಗಳಾಗಿ ಹಂಚಲಾಯಿತು. ಮೇಜಿ-ಚೋ ಸೇರಿದ ವಿಭಾಗಕ್ಕೆ ಕೊರಿಯನರು ಇಂದು ಹೇಳುವ ಹೆಸರು ಜುಂಗ್-ಗು; ನಡುವಣ ವಿಭಾಗವೆಂದು ಅರ್ಥ. 1396ರಲ್ಲಿ ಯಾವ ನೆಲವನ್ನು ‘ದಕ್ಷಿಣ’ವೆಂದು ಬರೆದಿದ್ದರೋ, ಅದೇ ನೆಲವು 1943ರಲ್ಲಿ ‘ಮಧ್ಯ’ವಾಯಿತು. ಕೇರಿಯು ಒಂದು ಅಂಗುಲದಷ್ಟೂ ಚಲಿಸಿರಲಿಲ್ಲ. ಚಲಿಸಿದುದು ನಗರದ ಎಲ್ಲೆ.

ಹೆಸರುಗಳ ಮರಳುವಿಕೆ

1945ರ ಆಗಸ್ಟ್ 15ರಂದು ಜಪಾನಿನ ಆಳಿಕೆಯು ಕೊನೆಗೊಂಡಿತು. 1946ರಲ್ಲಿ ನಗರವು ಗ್ಯೊಂಗ್ಗಿ ಪ್ರಾಂತದಿಂದ ಬಿಡುಗಡೆ ಹೊಂದಿ ಸ್ವತಂತ್ರ ಘಟಕವಾಯಿತು. ಸಿಯೋಲ್ ಎಂಬುದೇ ಅದರ ಅಧಿಕೃತ ನಾಮವಾಯಿತು. ರಾಜಧಾನಿ ಎಂಬುದಕ್ಕೆ ಜನರ ಬಾಯಲ್ಲಿದ್ದ ಅಚ್ಚ ಕೊರಿಯನ್ ಶಬ್ದವಿದು. ಅದೇ ವರ್ಷದ ಅಕ್ಟೋಬರ್ 1ರಂದು ನಗರದೊಳಗಿನ ಜಪಾನೀ ಹೆಸರುಗಳನ್ನೆಲ್ಲ ತೆಗೆದುಹಾಕಲಾಯಿತು. ‘ಚೋ’ ಎಂದಿದ್ದುದು ‘ದೊಂಗ್’ ಆಯಿತು. ಈ ‘ದೊಂಗ್’ ಎಂಬುದನ್ನು ಬರೆಯುವ ಲಿಪಿಸಂಕೇತದಲ್ಲಿ ನೀರು, ಒಂದೇ ಎಂಬೆರಡು ಅಂಶಗಳಿವೆ. ಒಂದೇ ನೀರನ್ನು ಕುಡಿಯುವ ಜನರ ನೆಲೆ ಎಂದು ಅಲ್ಲಿಯವರು ಅದನ್ನು ವಿವರಿಸುವುದುಂಟು. ಮೇಜಿ-ಚೋ ಮ್ಯೊಂಗ್‌ದೊಂಗ್ ಆಯಿತು. ಚಕ್ರವರ್ತಿಯು ಹೋದನು, ಬೆಳಕು ಉಳಿಯಿತು. ಗುಡ್ಡದ ಮೇಲಣ ಜೊಂಗ್‌ಹ್ಯೊನ್ ಇಗರ್ಜಿಯೂ ಈ ಕಾಲದಿಂದ ಮ್ಯೊಂಗ್‌ದೊಂಗ್ ಇಗರ್ಜಿಯೆಂದೇ ಕರೆಯಲ್ಪಡತೊಡಗಿತು.

ಸುತ್ತಣ ಬೀದಿಗಳಿಗೆ ಕೊರಿಯಾದ ಮಹಾಪುರುಷರ ಹೆಸರುಗಳನ್ನಿಡಲಾಯಿತು. ಹೊನ್ಮಾಚಿಯು ಚುಂಗ್‌ಮುರೊ ಆಯಿತು. 1592ರಲ್ಲಿ ದಂಡೆತ್ತಿಬಂದ ಜಪಾನೀಯರನ್ನು ಸಮುದ್ರದಲ್ಲಿ ಸೋಲಿಸಿದ ನೌಕಾಪತಿ ಯಿ ಸುನ್-ಶಿನ್‌ನ ಬಿರುದು ‘ಚುಂಗ್‌ಮು’. ಆತನು ಹುಟ್ಟಿದುದು ಈ ಬೀದಿಗೆ ಹತ್ತಿರದ ಕೇರಿಯಲ್ಲಿಯೇ. ಇನ್ನೊಂದು ಬೀದಿಯು ಉಲ್ಜಿರೊ ಆಯಿತು. 612ರಲ್ಲಿ ಚೀನದ ಸುಯಿ ವಂಶದ ಸೈನ್ಯವನ್ನು ಸೋಲಿಸಿದ ಉಲ್ಜಿ ಮುನ್-ದೊಕ್ ಎಂಬ ಸೇನಾಪತಿಯ ಹೆಸರದು. ಅರಮನೆಯ ಮುಂದಣ ರಾಜಬೀದಿಗೆ ಸೆಜೊಂಗ್ ಅರಸನ ಹೆಸರು ಬಂದಿತು. ಕೊರಿಯನ್ ಭಾಷೆಗೆ ಅದರದೇ ಆದ ಲಿಪಿಯನ್ನು ರಚಿಸಿ 1446ರಲ್ಲಿ ಪ್ರಕಟಪಡಿಸಿದ ಅರಸನಾತನು. ಬೀದಿಗೆ ಹೆಸರಿಟ್ಟುದು ಸರಿಯಾಗಿ ಐನೂರು ವರ್ಷಗಳ ಬಳಿಕ.

ಇದೆಲ್ಲವೂ ಸಂತೋಷಪಡತಕ್ಕ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಚರಿತ್ರೆಯನ್ನು ಬರೆಯುವಾಗ ಸಂತೋಷಕ್ಕಿಂತ ಸತ್ಯಕ್ಕೆ ಹೆಚ್ಚು ಬೆಲೆ ಕೊಡಬೇಕಾಗುತ್ತದೆ. ಹೊನ್ಮಾಚಿ ಹೋಯಿತು, ಆದರೆ ಅದಕ್ಕಿಂತ ಮೊದಲು ಜನರು ಇಟ್ಟುಕೊಂಡಿದ್ದ ಜಿನ್‌ಗೊಗೆ ಎಂಬ ಹೆಸರು ಅಧಿಕೃತವಾಗಿ ಹಿಂದಿರುಗಲಿಲ್ಲ. ಮ್ಯೊಂಗ್ನ್ಯೆ-ಬಾಂಗಿನ ‘ಮ್ಯೊಂಗ್’ ಮರಳಿತು, ‘ನ್ಯೆ’ ಮರಳಲಿಲ್ಲ. ಕೆಸರಿನ ನೆನಪನ್ನು ಪರಕೀಯ ಸರಕಾರವೂ ಬಯಸಲಿಲ್ಲ, ಸ್ವಕೀಯ ಸರಕಾರವೂ ಬಯಸಲಿಲ್ಲ. ವಿಮೋಚನೆಯ ಹೆಸರುಗಳೂ ಮೇಲಿನಿಂದಲೇ ಬಂದ ಹೆಸರುಗಳು. ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು: ಈ ಹೆಸರುಗಳನ್ನು ಆ ಕೇರಿಯ ಮಗುವು ತನ್ನ ಭಾಷೆಯಲ್ಲಿ ಓದಬಲ್ಲುದು, ಅವುಗಳ ಅರ್ಥವನ್ನು ತನ್ನ ತಾಯಿಯನ್ನು ಕೇಳಿ ತಿಳಿಯಬಲ್ಲುದು.

ಎರಡು ಬಗೆಯ ದೊಂಗ್‌ಗಳು

1950ರ ಜೂನ್‌ನಲ್ಲಿ ಮೊದಲಾದ ಯುದ್ಧದಲ್ಲಿ ಒಂಬತ್ತು ತಿಂಗಳೊಳಗಾಗಿ ಸಿಯೋಲ್ ನಗರವು ನಾಲ್ಕು ಸಲ ಕೈ ಬದಲಾಯಿಸಿತು. ಮ್ಯೊಂಗ್‌ದೊಂಗಿನ ಬಹುಭಾಗವು ಹಾಳಾಯಿತು. ಇಗರ್ಜಿಯೂ, ಹಿಂದಿನ ಮೇಜಿ-ಜಾ ಕಟ್ಟಡವೂ ಉಳಿದುಕೊಂಡುವು. ಯುದ್ಧವು ನಿಂತ ಮೇಲೆ, ಮುರಿದ ಗೋಡೆಗಳ ನಡುವಣ ಚಹದ ಅಂಗಡಿಗಳಲ್ಲಿ ಕವಿಗಳೂ ಚಿತ್ರಕಾರರೂ ಕೂಡತೊಡಗಿದರು. 1956ರಲ್ಲಿ ಷೇರುಪೇಟೆಯು ಇದೇ ಕೇರಿಯಲ್ಲಿ ಆರಂಭವಾಯಿತು. 1979ರಲ್ಲಿ ಅದು ನದಿಯ ನಡುವಣ ಯೊಯಿದೊ ದ್ವೀಪಕ್ಕೆ ಹೋಗುವವರೆಗೆ ಮ್ಯೊಂಗ್‌ದೊಂಗ್ ಎಂದರೆ ಹಣದ ಪೇಟೆಯೆಂದೂ ಅರ್ಥವಾಗುತ್ತಿತ್ತು. ಹಳೆಯ ಚಿತ್ರಮಂದಿರವು 1957ರಿಂದ 1973ರವರೆಗೆ ರಾಷ್ಟ್ರೀಯ ನಾಟಕಮಂದಿರವಾಗಿದ್ದು, 2009ರಲ್ಲಿ ಮತ್ತೆ ನಾಟಕಗಳಿಗಾಗಿಯೇ ತೆರೆಯಲ್ಪಟ್ಟಿತು.

ಆಡಳಿತದ ದೃಷ್ಟಿಯಿಂದ ಈ ಕಾಲದ ಮುಖ್ಯ ಘಟನೆಯು 1955ರದು. ಆ ವರ್ಷ ಸಿಯೋಲಿನಲ್ಲಿ ದೊಂಗ್ ಎಂಬುದನ್ನು ಎರಡು ಬಗೆಯಾಗಿ ವಿಂಗಡಿಸಲಾಯಿತು. ಒಂದು ಕಾನೂನಿನ ದೊಂಗ್, ಇನ್ನೊಂದು ಆಡಳಿತದ ದೊಂಗ್. ನೆಲದ ಕ್ರಯಪತ್ರದಲ್ಲಿ, ಹಕ್ಕುದಾಖಲೆಗಳಲ್ಲಿ ಬರೆಯುವುದು ಕಾನೂನಿನ ದೊಂಗಿನ ಹೆಸರು. ಅದರ ಎಲ್ಲೆಯು ಸುಲಭವಾಗಿ ಬದಲಾಗುವುದಿಲ್ಲ. ಕಚೇರಿಯನ್ನು ನಡೆಸುವುದಕ್ಕೂ ನಿವಾಸಿಗಳ ದಾಖಲೆಯನ್ನಿಡುವುದಕ್ಕೂ ಇರುವುದು ಆಡಳಿತದ ದೊಂಗ್. ಜನರು ಹೆಚ್ಚಿದರೆ ಒಂದನ್ನು ಎರಡಾಗಿ ಸೀಳುವುದು, ಕಡಮೆಯಾದರೆ ಕೆಲವನ್ನು ಕೂಡಿಸುವುದು ಇದರಲ್ಲಿ ಸಾಧ್ಯ. ಇಂದು ಜುಂಗ್-ಗು ವಿಭಾಗದಲ್ಲಿ ಕಾನೂನಿನ ದೊಂಗ್‌ಗಳು 74, ಆಡಳಿತದ ದೊಂಗ್‌ಗಳು 15. ಹತ್ತು ಚದರ ಕಿಲೋಮೀಟರಿಗೂ ತುಸು ಕಡಮೆಯಾದ ಈ ಚಿಕ್ಕ ವಿಭಾಗದಲ್ಲಿ 74 ಹಳೆಯ ಹೆಸರುಗಳು ಕಾನೂನಿನ ಆಶ್ರಯದಲ್ಲಿ ಬದುಕಿಕೊಂಡಿವೆ; ಅವುಗಳಲ್ಲಿ ಬಹುಪಾಲಿಗೆ ಸ್ವಂತದ ಕಚೇರಿಯಿಲ್ಲ.

ಇದರಿಂದ ಒಂದು ವಿನೋದವೂ ಉಂಟಾಗಿದೆ. 2004ರಿಂದೀಚೆಗೆ ದೇಶದಲ್ಲಿಯೇ ಅತ್ಯಧಿಕ ಸರಕಾರೀ ಬೆಲೆಯ ನೆಲವೆಂದು ವರ್ಷವರ್ಷವೂ ಪ್ರಕಟವಾಗುವ ಅಂಗಡಿಯ ಜಾಗವನ್ನು ಎಲ್ಲರೂ ಮ್ಯೊಂಗ್‌ದೊಂಗಿನದೆಂದೇ ಹೇಳುತ್ತಾರೆ. ಆದರೆ ಕಾನೂನಿನ ಪುಸ್ತಕದಲ್ಲಿ ಆ ಜಾಗವಿರುವುದು ಚುಂಗ್‌ಮುರೊದ ಮೊದಲನೆಯ ವಿಭಾಗದಲ್ಲಿ, ಎಂದರೆ ಹಿಂದಿನ ಹೊನ್ಮಾಚಿಯಲ್ಲಿ. ಬಡ ಪಂಡಿತನು ಕೆಸರಿನಲ್ಲಿ ಕಾಲೆಳೆದುಕೊಂಡು ನಡೆಯುತ್ತಿದ್ದ ನೆರೆಯ ನೆಲವೇ ಇಂದು ದೇಶದಲ್ಲೆಲ್ಲ ದುಬಾರಿಯಾದುದು.

ನಗರದ ಎಲ್ಲೆಯು ಮತ್ತೆ ಬೆಳೆಯಿತು. 1949ರಲ್ಲಿ ಸುಮಾರು 268 ಚದರ ಕಿಲೋಮೀಟರಿದ್ದುದು 1963ರಲ್ಲಿ ಹಾನ್ ನದಿಯನ್ನು ದಾಟಿ ದಕ್ಷಿಣದ ಹೊಲಗದ್ದೆಗಳನ್ನೊಳಗೊಂಡು ಇಮ್ಮಡಿಗೂ ಮಿಗಿಲಾಯಿತು. ಈಗ ಸಿಯೋಲಿನ ವಿಸ್ತಾರವು ಸುಮಾರು 605 ಚದರ ಕಿಲೋಮೀಟರು. ಅದರಲ್ಲಿ 25 ಗುಗಳಿವೆ. ಮ್ಯೊಂಗ್‌ದೊಂಗ್ ಎಂಬ ಆಡಳಿತ ಘಟಕವು ಇವೆಲ್ಲದರ ನಡುವೆ ಸುಮಾರು ಒಂದು ಚದರ ಕಿಲೋಮೀಟರಿನ ತುಣುಕು. ಹಗಲಿನಲ್ಲಿ ಅಲ್ಲಿ ಅಸಂಖ್ಯ ಜನರು ಓಡಾಡುತ್ತಾರೆ. ಆದರೆ ಅಲ್ಲಿಯೇ ಮನೆ ಮಾಡಿಕೊಂಡವರೆಂದು ಕಚೇರಿಯ ಪುಸ್ತಕದಲ್ಲಿ ಬರೆಸಿಕೊಂಡವರು ಕೆಲವೇ ಸಾವಿರ ಮಂದಿ.

ಗುಡ್ಡದಿಂದ ಬಂದ ಬದಲಾವಣೆ

ಇಷ್ಟರವರೆಗಿನ ಬದಲಾವಣೆಗಳಲ್ಲಿ ಕೇರಿಯವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಸ್ಥಳೀಯ ಸ್ವಯಮಾಡಳಿತದ ಕಾನೂನು 1949ರಲ್ಲಿ ರಚಿತವಾಗಿ, 1952ರಲ್ಲಿ ಮೊದಲ ಚುನಾವಣೆಗಳು ನಡೆದಿದ್ದುವೇನೋ ನಿಜ. ಆದರೆ 1961ರ ಸೈನಿಕ ಕ್ರಾಂತಿಯೊಡನೆ ಸ್ಥಳೀಯ ಸಭೆಗಳು ವಿಸರ್ಜಿತವಾದುವು. 1972ರ ಸಂವಿಧಾನವಂತೂ ಉತ್ತರ-ದಕ್ಷಿಣಗಳು ಒಂದಾಗುವವರೆಗೆ ಸ್ಥಳೀಯ ಸಭೆಗಳನ್ನು ರಚಿಸಕೂಡದೆಂದು ವಿಧಿಸಿತು. ಎಂದರೆ, ಚರಂಡಿ ದೀಪಗಳ ವಿಚಾರವನ್ನು ಮಾತನಾಡಲು ಜನರು ದೇಶದ ಏಕೀಕರಣವನ್ನು ಕಾಯಬೇಕಾಗಿತ್ತು.

ಈ ಸ್ಥಿತಿಯು ಬದಲಾಗಲು ಕಾರಣವಾದ ಘಟನೆಗಳಲ್ಲಿ ಒಂದು ಮ್ಯೊಂಗ್‌ದೊಂಗಿನ ಗುಡ್ಡದ ಮೇಲೆಯೇ ನಡೆಯಿತು. 1976ರ ಮಾರ್ಚ್ 1ರಂದು ಇಗರ್ಜಿಯಲ್ಲಿ ಪ್ರಜಾಪ್ರಭುತ್ವವನ್ನು ಬೇಡುವ ಘೋಷಣೆಯೊಂದು ಓದಲ್ಪಟ್ಟು, ಅದಕ್ಕೆ ಸಹಿ ಹಾಕಿದವರು ಸೆರೆಮನೆಯನ್ನು ಕಂಡರು. 1987ರ ಜೂನ್ 10ರಂದು ನಗರದಲ್ಲಿ ದೊಡ್ಡ ಮೆರವಣಿಗೆಗಳು ನಡೆದಾಗ, ಪೊಲೀಸರು ಬೆನ್ನಟ್ಟಿದ ವಿದ್ಯಾರ್ಥಿಗಳೂ ನಾಗರಿಕರೂ ಇಗರ್ಜಿಯ ಆವರಣವನ್ನು ಹೊಕ್ಕು ಐದಾರು ದಿನಗಳ ಕಾಲ ಅಲ್ಲಿಯೇ ನಿಂತರು. ಅವರನ್ನು ಹಿಡಿಯಬೇಕಾದರೆ ಮೊದಲು ತನ್ನನ್ನೂ, ಬಳಿಕ ಪಾದ್ರಿಗಳನ್ನೂ ಸಂನ್ಯಾಸಿನಿಯರನ್ನೂ ದಾಟಿ ಹೋಗಬೇಕಾದೀತೆಂದು ಕಾರ್ಡಿನಲ್ ಕಿಮ್ ಸು-ಹ್ವಾನ್ ಸರಕಾರಕ್ಕೆ ತಿಳಿಸಿದರು. ಸರಕಾರವು ಒಳನುಗ್ಗಲಿಲ್ಲ. ಜೂನ್ 29ರಂದು ರಾಷ್ಟ್ರಪತಿಯನ್ನು ಜನರೇ ನೇರವಾಗಿ ಚುನಾಯಿಸುವುದಕ್ಕೆ ಒಪ್ಪಿಗೆಯು ದೊರೆತು, ಆ ವರ್ಷವೇ ಹೊಸ ಸಂವಿಧಾನವು ಬಂದಿತು. ಸ್ಥಳೀಯ ಸಭೆಗಳ ಮೇಲಿದ್ದ ತಡೆಯೂ ಅದರೊಂದಿಗೆ ಹೋಯಿತು. 1988ರಲ್ಲಿ ಗುಗಳು ಸ್ವಯಮಾಡಳಿತದ ಘಟಕಗಳಾದುವು. 1991ರಲ್ಲಿ ಅವುಗಳ ಸಭೆಗಳಿಗೆ ಚುನಾವಣೆಗಳು ನಡೆದುವು. 1995ರಿಂದ ಗುಗಳ ಮುಖ್ಯಸ್ಥರೂ ಚುನಾಯಿತರಾದರು. ದೊಂಗಿನ ಅಧಿಕಾರಿಯು ಮಾತ್ರ ಇಂದಿಗೂ ನೇಮಕಗೊಂಡ ನೌಕರನೇ. 1785ರಲ್ಲಿ ದುಭಾಷಿಯ ಮನೆಯ ಬಾಗಿಲನ್ನು ಒಡೆದ ಅಧಿಕಾರವು 1987ರಲ್ಲಿ ಅದೇ ಕೇರಿಯ ಬಾಗಿಲಿನ ಹೊರಗೆ ನಿಲ್ಲಬೇಕಾಯಿತೆಂಬುದು ನಮಗೆ ಈ ಆಡಳಿತ ಚರಿತ್ರೆಯ ಸಾರವಾಗಿ ತೋರುತ್ತದೆ.

ಕೊನೆಯದಾಗಿ ಇನ್ನೊಂದು ಬದಲಾವಣೆಯನ್ನು ಹೇಳಬೇಕು. 2014ರ ಜನವರಿ 1ರಿಂದ ಕೊರಿಯಾದಲ್ಲಿ ವಿಳಾಸಗಳನ್ನು ಬೀದಿಯ ಹೆಸರು ಮತ್ತು ಕಟ್ಟಡದ ಸಂಖ್ಯೆಯಿಂದ ಬರೆಯುವ ಪದ್ಧತಿಯು ಕಡ್ಡಾಯವಾಗಿ ಜಾರಿಗೆ ಬಂದಿತು. ಜಪಾನೀಯರ ಭೂಮಾಪನದ ಕಾಲದಿಂದ ಬಂದಿದ್ದ ನೆಲದ ಸಂಖ್ಯೆಗಳು ವಿಳಾಸದಿಂದ ಮರೆಯಾಗಿ, ಭೂಮಿಯ ದಾಖಲೆಗಳಿಗೆ ಸೀಮಿತವಾದುವು. ಅವುಗಳೊಡನೆ ದೊಂಗ್‌ಗಳ ಹೆಸರುಗಳೂ ವಿಳಾಸದ ಮುಖ್ಯ ಸಾಲಿನಿಂದ ಸರಿದು ಕಂಸಗಳೊಳಗೆ ಹೋದುವು. ಆದರೆ ಕೇರಿಯ ಒಂದು ಬೀದಿಯ ಹೆಸರು ಮ್ಯೊಂಗ್‌ದೊಂಗ್ ಬೀದಿಯೆಂದೇ ಇದೆ. ಆರುನೂರು ವರ್ಷಗಳ ಹಿಂದೆ ಬರೆದ ಆ ಬೆಳಕಿನ ಸಂಕೇತವು ಹೀಗೆ ಇನ್ನೊಂದು ವೇಷದಲ್ಲಿ ಮುಂದುವರಿದಿದೆ.

ಉಪಸಂಹಾರ

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕುದು ಮೂರು ಮಾತುಗಳು. ಮೊದಲನೆಯದು, ಹೆಸರನ್ನಿಡುವ ಅಧಿಕಾರವು ಆಳುವ ಅಧಿಕಾರದ ಒಂದು ಅಂಗವೇ ಆಗಿದೆ. ಆದುದರಿಂದ ಕೇರಿಯ ಹೆಸರಿನ ಪ್ರಶ್ನೆಯು ಸಣ್ಣದೆಂದು ಯಾರೂ ಕಡೆಗಣಿಸಬಾರದು. ಎರಡನೆಯದು, ಕಚೇರಿಯಲ್ಲಿ ಬದಲಾದ ಮಾತ್ರಕ್ಕೆ ಹೆಸರು ಸಾಯುವುದಿಲ್ಲ. ಮೂವತ್ತೆರಡು ವರ್ಷಗಳ ಕಾಲ ಮೇಜಿ-ಚೋ ಎಂದು ಬರೆಸಿದರೂ ‘ಮ್ಯೊಂಗ್’ ಎಂಬುದು ಹಿಂದಿರುಗಿತು, ಏಕೆಂದರೆ ಅದನ್ನು ಓದಬಲ್ಲ ಜನರು ಅಲ್ಲಿ ಉಳಿದಿದ್ದರು. ಮೂರನೆಯದು, ಹೆಸರು ಹಿಂದಿರುಗಿದಾಗ ಅದರ ಎಲ್ಲ ಭಾಗಗಳೂ ಹಿಂದಿರುಗುವುದಿಲ್ಲ. ಕೆಸರುದಿಣ್ಣೆಯಂತಹ ಬಡವರ ಹೆಸರುಗಳನ್ನು ನೆನಪಿಡುವ ಕೆಲಸವು ಸರಕಾರದ್ದಲ್ಲ. ಅದು ಚರಿತ್ರೆಯನ್ನು ಕಲಿಸುವವರದು, ಕಲಿಯುವವರದು.

ನಮ್ಮ ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ತಮ್ಮ ವಿದ್ಯಾರ್ಥಿಗಳಿಗೆ ಈ ಲೇಖನವನ್ನು ಓದಿ ಹೇಳಿದ ಮೇಲೆ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರವನ್ನೋ ಕಂದಾಯದ ರಸೀತಿಯನ್ನೋ ಹಿರಿಯರ ಅಪ್ಪಣೆ ಪಡೆದು ನೋಡಿಬರುವಂತೆ ತಿಳಿಸಬೇಕು. ಅದರಲ್ಲಿ ತಮ್ಮ ಕೇರಿಯ ಹೆಸರನ್ನು ಹೇಗೆ ಬರೆದಿದೆ, ಯಾವ ಲಿಪಿಯಲ್ಲಿ ಬರೆದಿದೆ, ಯಾವ ಕಚೇರಿಯ ಮುದ್ರೆ ಅದರ ಮೇಲಿದೆ ಎಂಬುದನ್ನು ಗುರುತುಹಾಕಿಕೊಂಡು ಬರಲಿ. ಅಜ್ಜಿಯು ಆ ಸ್ಥಳವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳೆಂಬುದನ್ನೂ ಕೇಳಿ ಅದರ ಪಕ್ಕದಲ್ಲಿಯೇ ಬರೆಯಲಿ.